ಪಾಳು ಗಣಿಗಳ ನೀರಿನ ಶುದ್ಧೀಕರಣ

ಕೆಲಸ ನಿಂತ ಗಣಿಗಳಿಂದ ಉಕ್ಕಿಬರುವ ಆಮ್ಲೀಯ, ಲೋಹಭರಿತ ನೀರನ್ನು ಹೊಳೆ ಸೇರುವ ಮೊದಲೇ ತಡೆದು ಸಂಸ್ಕರಿಸುವ ಕ್ರಮ. ಗಣಿ ನಡೆಯುತ್ತಿರುವಷ್ಟು ಕಾಲ ಪಂಪುಗಳು ಅಂತರ್ಜಲವನ್ನು ಎತ್ತಿ ಹೊರಹಾಕುತ್ತವೆ. ಪಂಪು ನಿಂತರೆ ನೀರು ಸುರಂಗಗಳಲ್ಲಿ ಏರತೊಡಗುತ್ತದೆ. ಗಾಳಿ, ತೇವ ತಾಗಿದ ಪೈರೈಟ್ ಖನಿಜ ಗಂಧಕಾಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಕರಗಿಸಿಕೊಂಡು ಹೊರಬೀಳುತ್ತದೆ.

ಅದಿರು ತೊಳೆದ ನೀರು ಮೀನುಗಳನ್ನು ಕೊಲ್ಲುತ್ತದೆಂಬ ದೂರು 1556ರಲ್ಲಿ ಪ್ರಕಟವಾದ ಜರ್ಮನ್ ವಿದ್ವಾಂಸ ಅಗ್ರಿಕೋಲನ ಗ್ರಂಥದಲ್ಲೇ ಇದೆ. ಆಮ್ಲದ ಉತ್ಪತ್ತಿಯಲ್ಲಿ ಬ್ಯಾಕ್ಟೀರಿಯಗಳ ಕೈವಾಡವಿದೆಯೆಂದು ತಿಳಿಯಲು ಮಾತ್ರ 1947ರವರೆಗೆ ಕಾಯಬೇಕಾಯಿತು.

ಬ್ರಿಟನ್ನಿನ ಕಣ್ಣು ತೆರೆಸಿದ್ದು ಕಾರ್ನ್‌ವಾಲಿನ ವೀಲ್ ಜೇನ್ ತವರದ ಗಣಿ. 1991ರ ಮಾರ್ಚಿನಲ್ಲಿ ಗಣಿ ಮುಚ್ಚಿತು, ಪಂಪುಗಳು ನಿಂತವು. 1992ರ ಜನವರಿಯಲ್ಲಿ ನ್ಯಾಂಜೈಲ್ಸ್ ಎಂಬ ಹಳೆಯ ಸುರಂಗದ ತಡೆ ಒಡೆದು ಸುಮಾರು 5 ಕೋಟಿ ಲೀಟರ್ ವಿಷನೀರು ಕಾರ್ನನ್ ನದಿಗೆ ನುಗ್ಗಿತು. ಫಾಲ್ ಅಳಿವೆಯವರೆಗೂ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಮೊದಲು ತುರ್ತಾಗಿ ಸುಣ್ಣ ಸುರಿದರು. ಬಳಿಕ 1994ರಲ್ಲಿ ಜೊಂಡಿನ ಪಾತಿ, ಆಮ್ಲಜನಕವಿಲ್ಲದ ಹೊಂಡ, ಕಲ್ಲಿನ ಶೋಧಕಗಳನ್ನು ಸಾಲಾಗಿ ಇಟ್ಟು ಪ್ರಯೋಗ ನಡೆಸಿದರು. ವಿಜ್ಞಾನಿಗಳಿಗೆ ಅದು ಒಳ್ಳೆಯ ಪಾಠಶಾಲೆಯಾಯಿತು, ಆದರೆ ಕೊನೆಗೆ ಗೆದ್ದದ್ದು ಸುಣ್ಣವೇ. 2000ದಲ್ಲಿ ಆರಂಭವಾದ ಘಟಕ ನೀರನ್ನು ಪಂಪು ಮಾಡಿ, ಸುಣ್ಣ ಬೆರೆಸಿ, ಲೋಹಗಳನ್ನು ಕೆಸರಾಗಿ ಇಳಿಸುತ್ತದೆ. ಆ ಕೆಸರನ್ನು ಸುರಿಯುವ ಜಾಗದ ಚಿಂತೆ ಬೇರೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಐರನ್ ಮೌಂಟನ್ ಇನ್ನೂ ಭೀಕರ. 1963ರಲ್ಲಿ ಕೆಲಸ ನಿಂತ ಆ ಗಣಿಯೊಳಗಿನ ನೀರಿನ ಪಿಎಚ್ ಮೈನಸ್ 3.6ರವರೆಗೆ ಇಳಿದದ್ದು ದಾಖಲಾಗಿದೆ. 1983ರಲ್ಲಿ ಅದು ಅಮೆರಿಕ ಸರ್ಕಾರ ಶುದ್ಧೀಕರಣಕ್ಕೆ ಗುರುತಿಸುವ ವಿಷಮಯ ತಾಣಗಳ ‘ಸೂಪರ್‌ಫಂಡ್’ ಪಟ್ಟಿ ಸೇರಿತು. ಸ್ಯಾಕ್ರಮೆಂಟೊ ನದಿಯ ಸಾಲ್ಮನ್ ಮೀನುಗಳನ್ನು ಉಳಿಸಲು ಅಲ್ಲೂ ಸುಣ್ಣದ ಮೊರೆಹೋಗಬೇಕಾಯಿತು. 2000ದ ಒಪ್ಪಂದದಂತೆ ದೀರ್ಘಕಾಲದ ಶುದ್ಧೀಕರಣದ ಖರ್ಚು ಗಣಿಯ ಹಿಂದಿನ ಒಡೆತನದ ಉತ್ತರಾಧಿಕಾರಿ ಕಂಪನಿಯ ಮೇಲೆ ಬಿತ್ತು.

ಬ್ರಿಟನ್ನಿನ ಕಾನೂನು ಹಾಗಿರಲಿಲ್ಲ. ತೊರೆದ ಗಣಿಯಿಂದ ಸೋರುವ ನೀರಿಗೆ ಒಡೆಯರು ಹೊಣೆಯಲ್ಲ ಎಂಬ ವಿನಾಯಿತಿ ಅಲ್ಲಿತ್ತು. 1995ರ ಪರಿಸರ ಕಾಯ್ದೆ ಅದನ್ನು ತೆಗೆದರೂ, ಅನ್ವಯವಾದದ್ದು 1999ರ ಅಂತ್ಯದ ನಂತರ ತೊರೆದ ಗಣಿಗಳಿಗೆ ಮಾತ್ರ. ಹಾಗಾಗಿ ವೀಲ್ ಜೇನ್ ನೀರಿನ ಶುದ್ಧೀಕರಣದ ವೆಚ್ಚ ಸರ್ಕಾರದ ಬೊಕ್ಕಸಕ್ಕೇ ಉಳಿಯಿತು.