ದಂಡಿನ ಊರಿನಲ್ಲಿ ನೆಲೆಯಿಲ್ಲದವರು

ಹಳೆಯ ಬೆಂಗಳೂರಿಗರ ಮಾತಿನಲ್ಲಿ ಊರು ಎರಡು: ಒಂದು ಪೇಟೆ, ಮತ್ತೊಂದು ದಂಡು. ಪೇಟೆಗೆ ತನ್ನದೇ ಆದ ಕೇರಿಗಳಿದ್ದವು. ಕೇರಿಗೊಂದು ಕಸುಬು, ಕಸುಬಿಗೊಂದು ಗುಡಿ. ದಂಡಾದರೋ ಸರ್ಕಾರದ ಆಜ್ಞೆಯಿಂದ ಹುಟ್ಟಿದ ಊರು. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಇಂಗ್ಲಿಷರ ಸೈನ್ಯವು 1809ರ ಸುಮಾರಿಗೆ ಹಲಸೂರಿನ ಬಯಲಿಗೆ ಬಂದು ಬೀಡುಬಿಟ್ಟಿತು. ಸಿಪಾಯಿಗಳಿಗೆ ಲೈನುಗಳು, ಅಧಿಕಾರಿಗಳಿಗೆ ಬಂಗಲೆಗಳು, ಕುದುರೆಗಳಿಗೆ ಲಾಯ, ಮದ್ದುಗುಂಡುಗಳಿಗೆ ಉಗ್ರಾಣ, ಹೀಗೆ ಒಂದೊಂದಕ್ಕೂ ಜಾಗ ಗೊತ್ತಾಯಿತು. ಸಿಪಾಯಿಯ ಬಟ್ಟೆ ಒಗೆಯುವವನು, ಕುದುರೆಗೆ ಹುಲ್ಲು ಹೊತ್ತು ತರುವವಳು, ಬಂಗಲೆಯ ಅಡಿಗೆಯವನು, ಕಕ್ಕಸು ಬಳಿಯುವವನು, ಇವರೆಲ್ಲ ರಾತ್ರಿ ಎಲ್ಲಿ ತಲೆಯಿಡಬೇಕೆಂಬುದು ಅಷ್ಟು ಸ್ಪಷ್ಟವಾಗಿ ಗೊತ್ತಾಗಲಿಲ್ಲ. ದಂಡಿನ ಬೆನ್ನಿಗೇ ತಮಿಳು ಸೀಮೆಯಿಂದ ಬಂದ ಈ ಜನ ತಾವೇ ಹುಡುಕಿಕೊಂಡ ತಾವುಗಳಲ್ಲಿ ಮುಖ್ಯವಾದದ್ದು ಬ್ಲಾಕ್‌ಪಳ್ಳಿ, ಅಂದರೆ ಇಂದಿನ ಶಿವಾಜಿನಗರ. ನೆಲೆಯಿಲ್ಲದವರಿಗೆ ನೆಲೆ ಕಲ್ಪಿಸುವ ವಿಚಾರದಲ್ಲಿ ಸರ್ಕಾರಗಳು ಈ ಪ್ರದೇಶದಲ್ಲಿ ಏನೇನು ಮಾಡಿದವು, ಯಾರ ಸಲುವಾಗಿ ಮಾಡಿದವು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ಸೀಮೆಗೆ ನಿರಾಶ್ರಿತನ ಪರಿಚಯ ಹೊಸದೇನಲ್ಲ. ಊರಬಾಗಿಲ ಚಾವಡಿ, ಗುಡಿಯ ಪ್ರಾಕಾರ, ದಾರಿಯ ಮಂಟಪ, ಮಸೀದಿಯ ಮಗ್ಗುಲ ಮುಸಾಫಿರಖಾನೆ, ಇವೆಲ್ಲ ಪರಸ್ಥಳದವನನ್ನು ಎದುರುನೋಡುತ್ತಲೇ ಕಟ್ಟಿದವು. ಮೈಸೂರು ಸಂಸ್ಥಾನದಲ್ಲಿ ಛತ್ರಗಳನ್ನು ನೋಡಿಕೊಳ್ಳುವುದು ಮುಜರಾಯಿ ಇಲಾಖೆಯ ಕೆಲಸವಾಗಿತ್ತು. ಪೇಟೆಯ ಕಡೆ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ ಏರ್ಪಟ್ಟದ್ದು 1903ರಲ್ಲಿ. ಆದರೆ ಛತ್ರಕ್ಕೆ ಒಂದು ನಿಯಮವುಂಟು. ಅಲ್ಲಿ ಇಳಿದುಕೊಳ್ಳುವವನು ದಾರಿಹೋಕ. ಎರಡು ಮೂರು ದಿನ ಕಳೆದರೆ ಗಂಟು ಕಟ್ಟಬೇಕು. ಹಿಂತಿರುಗಲು ಊರೇ ಇಲ್ಲದವನ ಯೋಚನೆ ಛತ್ರ ಕಟ್ಟಿದ ಪುಣ್ಯವಂತರಿಗೆ ಬಂದಿದ್ದರೂ ಛತ್ರದ ಲೆಕ್ಕಪುಸ್ತಕಕ್ಕೆ ಬಂದಿರಲಿಲ್ಲ.

ಅಂಥವರು ಸಾವಿರಗಟ್ಟಲೆ ಬೆಂಗಳೂರಿಗೆ ಬಂದದ್ದು 1876ರಿಂದ 1878ರವರೆಗಿನ ದೊಡ್ಡ ಬರಗಾಲದಲ್ಲಿ. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಆಗ ನಷ್ಟವಾಯಿತೆಂದು ಅಂದಾಜು. ಅಂದಿನ ಕಮಿಷನರುಗಳ ಸರ್ಕಾರ ಗಂಜಿಕೇಂದ್ರಗಳನ್ನೂ ಪರಿಹಾರ ಶಿಬಿರಗಳನ್ನೂ ತೆರೆಯಿತು; ಮೈಸೂರಿನ ರೈಲುದಾರಿಯ ಮಣ್ಣು ಕೆಲಸವನ್ನು ಕೊಟ್ಟಿತು. ಮಳೆ ಬಂದಿತು, ಶಿಬಿರ ಎತ್ತಿದರು. ಊರಿಗೆ ಹಿಂತಿರುಗಲಾರದೆ ಉಳಿದವರು ದಂಡಿನ ಅಂಚಿನ ಗುಡಿಸಲುಗಳನ್ನು ಸೇರಿಕೊಂಡರು.

ಇದೇ ಹೊತ್ತಿನಲ್ಲಿ ಇಂಗ್ಲಿಷರ ಆಡಳಿತ ಮತ್ತೊಂದು ಬಗೆಯ ಅಲೆಮಾರಿಗಳ ವಿಷಯದಲ್ಲಿ ಬಹಳ ಚಿಂತೆಗೆ ಬಿದ್ದಿತ್ತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕೆಲಸ ಕಳೆದುಕೊಂಡ ರೈಲ್ವೆಯ ಗೋರ, ಹಡಗಿನಿಂದ ತಪ್ಪಿಸಿಕೊಂಡ ನಾವಿಕ, ಸೈನ್ಯದಿಂದ ಹೊರಬಿದ್ದ ಸೋಲ್ಜರ, ಇಂಥವರು ಬೀದಿಯಲ್ಲಿ ಕೈಯೊಡ್ಡುವುದು ಆಳುವ ಜನಾಂಗಕ್ಕೆ ಮುಖಭಂಗದ ಸಂಗತಿ. 1869ರಲ್ಲಿ, ಮತ್ತೆ 1874ರಲ್ಲಿ, ಯುರೋಪಿಯನ್ ಅಲೆಮಾರಿಗಳಿಗೆಂದೇ ಬ್ರಿಟಿಷ್ ಇಂಡಿಯಾದಲ್ಲಿ ಕಾಯಿದೆಗಳಾದವು. ಅದರಂತೆ ಇಂಥವನನ್ನು ಸರ್ಕಾರದ ಖರ್ಚಿನಲ್ಲಿ ನಡೆಯುವ ವರ್ಕ್‌ಹೌಸಿನಲ್ಲಿಟ್ಟು, ಅನ್ನ ಹಾಕಿ, ಕೆಲಸ ಹುಡುಕಿಕೊಡಬೇಕು. ಸಿಕ್ಕದಿದ್ದರೆ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಬೇಕು. ಅದರಲ್ಲಿ ಕರುಣೆಗಿಂತ ಮಾನದ ಭಯವೇ ಹೆಚ್ಚು. ಆದರೂ ಒಂದು ಮಾತು ಒಪ್ಪಬೇಕು: ಕೆಲಸವಿಲ್ಲದೆ ನೆಲೆತಪ್ಪಿದವನಿಗೆ ಸೂರು ಒದಗಿಸುವುದು ಖಜಾನೆಯ ಹೊಣೆಯೆಂಬ ತತ್ತ್ವವನ್ನು ಆ ಸರ್ಕಾರ ಬಲ್ಲದಾಗಿತ್ತು. ಯಾರಿಗೆ ಅದನ್ನು ಅನ್ವಯಿಸಬೇಕೆಂಬುದನ್ನು ಚರ್ಮದ ಬಣ್ಣ ನೋಡಿ ತೀರ್ಮಾನಿಸಿತು, ಅಷ್ಟೆ.

ಇತ್ತ ಎರಡು ಜನಾಂಗಗಳ ನಡುವೆ ನಿಂತ ಆಂಗ್ಲೋ ಇಂಡಿಯನ್ನರ ಕಷ್ಟ ಬೇರೆ. ಅವರಲ್ಲಿ ಬಡವರಾದವರನ್ನು ಬೇಸಾಯಕ್ಕೆ ಹಚ್ಚಬೇಕೆಂದು ಡಿ. ಎಸ್. ವೈಟ್ ಎಂಬವರು ಸಂಘ ಕಟ್ಟಿ ದುಡಿದರು. ಮಹಾರಾಜ ಚಾಮರಾಜ ಒಡೆಯರು 1882ರಲ್ಲಿ ಕೃಷ್ಣರಾಜಪುರದ ಆಚೆಗೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಅದೇ ವೈಟ್‌ಫೀಲ್ಡ್. ಇಂದು ಅಲ್ಲಿ ಒಂದು ನಿವೇಶನದ ಬೆಲೆ ಕೇಳಿ ಬೆವರೊರೆಸಿಕೊಳ್ಳುವ ವಾಚಕರು ಒಂದನ್ನು ನೆನಪಿಡಬೇಕು. ಬೆಂಗಳೂರಿನ ಪೂರ್ವದಲ್ಲಿ ನೆಲೆಯಿಲ್ಲದ ಬಡವರಿಗೆಂದು ರಾಜ್ಯವು ಅಷ್ಟು ವಿಸ್ತಾರವಾದ ನೆಲವನ್ನು ಒಮ್ಮೆಗೇ ಕೊಟ್ಟ ಉದಾಹರಣೆ ಅದು.

1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗ ದಂಡನ್ನು ಇಂಗ್ಲಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಉದ್ದ ಹೆಸರಿನ ಈ ತುಂಡಿಗೆ ರೆಸಿಡೆಂಟರೇ ಒಡೆಯರು. ಬ್ಲಾಕ್‌ಪಳ್ಳಿಯಲ್ಲಿ ಗೋಡೆಗೆ ಗೋಡೆ ಹತ್ತಿ ಮನೆಗಳು ಎದ್ದವು. ಇದನ್ನು ಯಾರೂ ದೊಡ್ಡ ವಿಷಯವೆಂದು ಎಣಿಸಲಿಲ್ಲ, 1898ರ ಆಗಸ್ಟ್ ತಿಂಗಳವರೆಗೆ. ಆ ತಿಂಗಳು ರೈಲಿನ ದಾರಿಯಲ್ಲಿ ಪ್ಲೇಗ್ ಬೆಂಗಳೂರಿಗೆ ಇಳಿಯಿತು.

ಪ್ಲೇಗು ಪೇಟೆಯೆನ್ನಲಿಲ್ಲ, ದಂಡೆನ್ನಲಿಲ್ಲ. ಇಲಿ ಬಿದ್ದ ಮನೆಯ ಹೆಂಚು ತೆಗೆಸಿ ಬಿಸಿಲು ಬಿಡುವುದು, ಜನರನ್ನು ಬಯಲಿನ ಜೋಪಡಿಗಳಿಗೆ ಸಾಗಿಸುವುದು ನಡೆಯಿತು. ಅಜ್ಜಿಯರು ಮಾರಿಯ ವರ್ಷವೆಂದು ಹೇಳುತ್ತಿದ್ದ ಕಥೆಗಳಲ್ಲಿ ಈ ಜೋಪಡಿಗಳು ಬರದೆ ಇರುತ್ತಿರಲಿಲ್ಲ. ಸಂಸ್ಥಾನದ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ದಂಡಿನ ಕಡೆ 1906ರಲ್ಲಿ ಹೊಸ ಬಡಾವಣೆಯೊಂದು ಆರಂಭವಾಗಿ, ಅಂದಿನ ರೆಸಿಡೆಂಟರಾದ ಸ್ಟುವರ್ಟ್ ಫ್ರೇಸರರ ಹೆಸರನ್ನು ಪಡೆಯಿತು. ಇದರ ಯೋಜನೆಯಲ್ಲಿ ಮುಖ್ಯರಾದವರು ಜೆ. ಎಚ್. ಸ್ಟೀಫನ್ಸ್. ಇಲಿ ನುಗ್ಗಲು ಸಂದಿಯೇ ಇಲ್ಲದಂತೆ ಮನೆ ಕಟ್ಟುವುದು ಹೇಗೆ, ಗಾಳಿ ಬೆಳಕುಗಳಿಗೆ ಎಷ್ಟು ತೆರಪು ಬಿಡಬೇಕು ಎಂಬ ಚಿಂತನೆಯನ್ನೇ ಅವರು ಒಂದು ಪುಸ್ತಕವಾಗಿ 1914ರಲ್ಲಿ ಹೊರತಂದರು. ಬೆಂಗಳೂರಿನ ಪುಸ್ತಕಗಳಲ್ಲಿ ಇಲಿಯನ್ನು ಇಷ್ಟು ಗೌರವದಿಂದ ಕಂಡದ್ದು ಬೇರೊಂದಿಲ್ಲವೇನೋ.

ಕೆಲಸ ಒಳ್ಳೆಯದೇ. ಆ ಓರಣದ ಬೀದಿಗಳನ್ನು ಇಂದಿಗೂ ಮೆಚ್ಚಬಹುದು. ಆದರೆ ಬ್ಲಾಕ್‌ಪಳ್ಳಿಯ ಇಕ್ಕಟ್ಟನ್ನು ಕಡಿಮೆ ಮಾಡಲೆಂದು ಎದ್ದ ಬಡಾವಣೆಯಲ್ಲಿ ನಿವೇಶನ ಕೊಂಡು, ಹೇಳಿದ ಮಾದರಿಯಲ್ಲಿ ಮನೆ ಕಟ್ಟಿಸಬಲ್ಲವನು ಯಾರು? ಗುಮಾಸ್ತ, ವರ್ತಕ, ನಿವೃತ್ತಿ ವೇತನದವನು. ಹುಲ್ಲು ಹೊರುವವಳು ಬಿಟ್ಟ ಜಾಗದಲ್ಲೇ ಉಳಿದಳು. ಅಲ್ಲಿಯೂ ಎಬ್ಬಿಸಿದರೆ ಇನ್ನೊಂದು ಅಂಚಿಗೆ ಹೋದಳು. ಆರೋಗ್ಯದ ದೃಷ್ಟಿಯಿಂದ ಹೊರಟ ಸರ್ಕಾರಕ್ಕೆ ಬೇಕಾದದ್ದು ಇಕ್ಕಟ್ಟು ಕರಗುವುದು. ಕರಗಿದ ಜನ ಎಲ್ಲಿಗೆ ಸೇರಿದರೆಂಬುದು ಅದರ ಪ್ರಶ್ನೆಯಾಗಿರಲಿಲ್ಲ. ಈ ಒಂದು ದೋಷ ಮುಂದಿನ ನೂರು ವರ್ಷಗಳ ಯೋಜನೆಗಳಿಗೆ ವಂಶಪಾರಂಪರ್ಯವಾಗಿ ಬಂದಿತು ಎಂದೇ ನನ್ನ ಎಣಿಕೆ.

ಹಲಸೂರಿನ ಪಕ್ಕದ ನಾಕ್ಸ್‌ಪೇಟೆ ಮುಂದೆ ಇಂಜಿನಿಯರ್ ಮರ್ಫಿಯವರ ಹೆಸರಿನಲ್ಲಿ ಮರ್ಫಿ ಟೌನ್ ಆಯಿತು. ಬಡವರಿಗೂ ಎಟುಕುವ ಸಣ್ಣ ಮನೆಗಳನ್ನು ಅಲ್ಲಿ ಯೋಚಿಸಿದ್ದು ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದೆ. ದಂಡಿನ ಇನ್ನೊಂದು ಬಡಾವಣೆಯಾದ ಆಸ್ಟಿನ್ ಟೌನಿಗೆ ಈಗ ನಿಘಂಟುಕಾರ ಕಿಟ್ಟೆಲರ ಹೆಸರಿಟ್ಟಿದ್ದಾರೆ. ಕನ್ನಡದ ಶಬ್ದಗಳಿಗೆಲ್ಲ ನೆಲೆ ಒದಗಿಸಿದವರಿಗೆ ದಂಡಿನಲ್ಲಿ ಒಂದು ನೆಲೆ ಸಿಕ್ಕಿತಲ್ಲ ಎಂದು ಕನ್ನಡ ಮೇಷ್ಟರುಗಳು ಸಂತೋಷಪಡಬಹುದು.

ಇನ್ನು ಮನೆ ಕಟ್ಟುವುದನ್ನು ಬಿಟ್ಟು ಹಿಡಿದು ಹಾಕುವ ನೀತಿಗೆ ಬರೋಣ. ಮೈಸೂರು ಸರ್ಕಾರ 1944ರಲ್ಲಿ ಭಿಕ್ಷಾಟನೆ ನಿಷೇಧದ ಕಾಯಿದೆ ಮಾಡಿತು. ಸಂಸ್ಥಾನದ ಕಾಯಿದೆ ದಂಡಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲವಾದ್ದರಿಂದ, ಕಬ್ಬನ್ ಪಾರ್ಕಿನ ಆಚೆಯ ಭಿಕ್ಷುಕ ಒಂದು ನ್ಯಾಯಕ್ಕೆ, ಈಚೆಯವನು ಇನ್ನೊಂದು ನ್ಯಾಯಕ್ಕೆ ಒಳಪಟ್ಟಿದ್ದ. 1947ರ ಜುಲೈಯಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳು ಕೂಡಿ ಒಂದು ಕಾರ್ಪೊರೇಷನ್ ಆಯಿತು. 1975ರ ಕರ್ನಾಟಕ ಕಾಯಿದೆ ಹಳೆಯದರ ಸ್ಥಾನವನ್ನು ತುಂಬಿತು. ಅದಕ್ಕೆ ಹಣದ ಮೂಲವನ್ನೂ ಗೊತ್ತುಮಾಡಿದರು: ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಉಪಕರ ವಸೂಲು ಮಾಡಿ ಪರಿಹಾರ ನಿಧಿಗೆ ಕಟ್ಟಬೇಕು. ಹಲಸೂರಿನಲ್ಲೋ ಇಂದಿರಾನಗರದಲ್ಲೋ ಸ್ವಂತ ಮನೆಯುಳ್ಳ ವಾಚಕರು ತಮ್ಮ ತೆರಿಗೆಯ ರಶೀದಿಯಲ್ಲಿ ಈ ಉಪಕರವನ್ನು ಹುಡುಕಬಹುದು. ವಸೂಲಾದ ಹಣ ನಿಧಿಗೆ ಹೊತ್ತಿಗೆ ಸರಿಯಾಗಿ ಸೇರುವುದಿಲ್ಲವೆಂಬ ದೂರು ಬಹಳ ಹಳೆಯದು. ಇತ್ತ ಶಿವಾಜಿನಗರದ ಬಸ್ ನಿಲ್ದಾಣದ ಬಳಿ ಮಲಗಿದ್ದವನು ಸಿಕ್ಕಿಬಿದ್ದರೆ ಊರಿನ ಇನ್ನೊಂದು ಕೊನೆಯ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಒಂದು ವರ್ಷದಿಂದ ಮೂರು ವರ್ಷದವರೆಗೆ ಇರಬೇಕಾಗಬಹುದು. ಕೂಲಿ ಸಿಕ್ಕದ ದಿನದ ಕೂಲಿಗಾರನಿಗೂ ಭಿಕ್ಷುಕನಿಗೂ ಇರುವ ವ್ಯತ್ಯಾಸ, ಹಿಡಿಯುವವನ ಕಣ್ಣಿಗೆ ರಾತ್ರಿಯ ಹೊತ್ತು ಕಾಣಬೇಕೆಂದಿಲ್ಲ. 2010ರ ಆಗಸ್ಟಿನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಲಾಖೆಯ ಮಂತ್ರಿ ರಾಜೀನಾಮೆ ಕೊಟ್ಟರು. ಆಶ್ರಯವೆಂಬ ಶಬ್ದಕ್ಕೆ ಆ ವಾರ ಪತ್ರಿಕೆಗಳಲ್ಲಿ ಬಂದ ಅರ್ಥ ಕಿಟ್ಟೆಲರ ಕಾಲದಲ್ಲಿರಲಿಲ್ಲ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪೂರ್ವದಿಕ್ಕಿಗೆ ಹೊಸ ಜನ ಬಂದರು. ವಿಮಾನ ಕಾರ್ಖಾನೆ 1940ರಲ್ಲಿ, ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ 1948ರಲ್ಲಿ ಬಂದು, ಕಾರ್ಖಾನೆಯ ಜತೆಗೇ ನೌಕರರಿಗೆ ಕ್ವಾರ್ಟರ್ಸುಗಳೂ ಎದ್ದವು. ಉದ್ಯೋಗ ಕೊಟ್ಟವನೇ ಮನೆಯನ್ನೂ ಕೊಡಬೇಕೆಂಬ ಈ ರೀತಿ ಸರಿಯಾದದ್ದು. ಖಾಯಂ ನೌಕರನ ಆಚೆಗೆ ಅದು ಹೋಗಲಿಲ್ಲ. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೂ, 1976ರಲ್ಲಿ ಅದರ ಜಾಗಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವೂ ನಿವೇಶನ ಹಂಚುತ್ತ ಹೋದವು. ಕೊಳಗೇರಿ ಕಾಯಿದೆ 1973ರಲ್ಲಿ ಬಂದು, ಎರಡು ವರ್ಷಗಳಲ್ಲಿ ಮಂಡಳಿಯೂ ಆಯಿತು. ಘೋಷಿತ ಕೊಳಗೇರಿಗೆ ನಲ್ಲಿ, ಚರಂಡಿ, ದೀಪ ಬಂದವು, ಉಪಕಾರ ಸಣ್ಣದಲ್ಲ. ಆದರೆ ಘೋಷಿಸಲು ಒಂದು ಕೇರಿಯಿರಬೇಕು, ಕೇರಿಯಲ್ಲಿ ಗುಡಿಸಲಿರಬೇಕು. ಅಂಗಡಿ ಮುಚ್ಚಿದ ಮೇಲೆ ರಸೆಲ್ ಮಾರ್ಕೆಟ್ಟಿನ ಜಗಲಿಯಲ್ಲಿ ಗೋಣಿ ಹಾಸುವವನಿಗೆ ಈ ಕಾಯಿದೆಯಲ್ಲಿ ಜಾಗವಿಲ್ಲ.

ಕೊಟ್ಟ ಮನೆಯೂ ಹೋಗಬಹುದೆಂಬುದಕ್ಕೆ ದೊಮ್ಮಲೂರಿನಾಚೆಯ ಈಜೀಪುರ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಹುಡ್ಕೊ ಸಾಲ ತಂದು ಕಾರ್ಪೊರೇಷನ್ನು ಬಡವರಿಗೆ 1,512 ಮನೆಗಳನ್ನು ಕಟ್ಟಿಸಿತು. ಕಟ್ಟಿದ ಕೆಲಸ ಎಂಥದೆಂದರೆ ಹದಿನೈದು ವರ್ಷವೂ ತಾಳಲಿಲ್ಲ. 2007ರಲ್ಲಿ ಒಂದು ಕಟ್ಟಡವೇ ಕುಸಿಯಿತು. ಉಳಿದವನ್ನು ಕೆಡವಿದ ಮೇಲೆ ಜನ ಅದೇ ಬಯಲಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾದರು. ಆ ಹದಿನೈದು ಎಕರೆಯಲ್ಲಿ ಅರ್ಧ ಬಡವರ ಮನೆಗಳಿಗೆ, ಇನ್ನರ್ಧ ವ್ಯಾಪಾರದ ಮಳಿಗೆಗಳಿಗೆ ಎಂದು ಖಾಸಗಿಯವರೊಡನೆ ಒಪ್ಪಂದವಾಯಿತು. 2013ರ ಜನವರಿಯ ಚಳಿಯಲ್ಲಿ ಶೆಡ್ಡುಗಳನ್ನು ಕಿತ್ತರು. ಸಾವಿರಕ್ಕೂ ಮೀರಿದ ಕುಟುಂಬಗಳಲ್ಲಿ ಹಲವರು ದೂರದ ಸೂಲಿಕುಂಟೆಗೆ ಹೋಗಬೇಕಾಯಿತು, ಹಲವರು ರಸ್ತೆಯ ಪಕ್ಕದಲ್ಲೇ ಉಳಿದರು. ನಿರಾಶ್ರಿತರು ಹುಟ್ಟುವುದು ಬರಗಾಲದಿಂದ, ಮಾರಿಯಿಂದ ಎಂದು ಹಿಂದೆ ತಿಳಿದಿದ್ದೆವು. ವಸತಿ ಯೋಜನೆಯಿಂದಲೂ ಹುಟ್ಟಬಹುದೆಂದು ಈಜೀಪುರ ತೋರಿಸಿತು.

ಬೀದಿಯಲ್ಲಿ ಮಲಗುವವನನ್ನು ಕೊನೆಗೆ ಗುರುತಿಸಿದ್ದು ಸರ್ವೋಚ್ಚ ನ್ಯಾಯಾಲಯ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2010ರಲ್ಲಿ ಹೊರಟ ಆಜ್ಞೆಗಳ ಫಲವಾಗಿ, ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯಗೃಹವಿರಬೇಕೆಂಬ ಲೆಕ್ಕ ನೆಲೆಗೊಂಡಿತು. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಅಂದರೆ 84 ಗೃಹಗಳು. ಆ ಸಂಖ್ಯೆಯ ಸಮೀಪಕ್ಕೂ ಆ ದಶಕದಲ್ಲಿ ನಗರ ಬರಲಿಲ್ಲ. 2013ರ ರಾಷ್ಟ್ರೀಯ ನಗರ ಜೀವನೋಪಾಯ ಯೋಜನೆಯಲ್ಲಿ ಕೇಂದ್ರವೂ ರಾಜ್ಯವೂ ಖರ್ಚು ಹಂಚಿಕೊಳ್ಳುವ ಏರ್ಪಾಡಾಯಿತು; ಒಬ್ಬೊಬ್ಬರಿಗೆ ಐವತ್ತು ಚದರ ಅಡಿ ಜಾಗ, ಹಾಸಿಗೆ, ನೀರು, ಅಡಿಗೆಗೆ ಅನುಕೂಲ ಎಂದು ಗೊತ್ತಾಯಿತು. ಹಣವಿಲ್ಲವೆಂಬ ಹಳೆಯ ಮಾತಿಗೆ ಇಲ್ಲಿ ಎಡೆಯಿರಲಿಲ್ಲ. ಸಿಕ್ಕದ್ದು ಜಾಗ. ಮಾರುಕಟ್ಟೆಯ ಹತ್ತಿರ ಮಲಗುವ ಹಮಾಲಿ ಬೆಳಗಿನ ನಾಲ್ಕಕ್ಕೆ ಮೂಟೆಯಿಳಿಸಬೇಕು. ಅವನಿಗೆ ಐದು ಮೈಲಿಯಾಚೆ ಹಾಸಿಗೆ ಹಾಸಿದರೆ ಅವನು ಹೋಗುವುದಿಲ್ಲ. ಹಾಸಿಗೆ ಖಾಲಿಯಿರುವುದನ್ನು ನೋಡಿ, ನಿರಾಶ್ರಿತರೇ ಇಲ್ಲವೆಂದು ವರದಿ ಬರೆಯುವುದು ಸುಲಭ.

ಇತ್ತೀಚಿನ ವರ್ಷಗಳಲ್ಲಿ ಈ ಪೂರ್ವಭಾಗಕ್ಕೆ ಬಂದು ಸೇರಿರುವವರು ನಮ್ಮವರೇ: ರಾಯಚೂರು, ಯಾದಗಿರಿ, ಕಲಬುರಗಿಯ ಸೀಮೆಯ ಕನ್ನಡಿಗರು. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೆ ಎದ್ದಿರುವ ಗಾಜಿನ ಕಟ್ಟಡಗಳಿಗೆ ಮಣ್ಣು ಹೊತ್ತವರು. ನೀಲಿ ತಾಡಪಾಲಿನ ಕೆಳಗೆ ಸಂಸಾರ ನಡೆಸಿದವರು. ಕಟ್ಟಡ ಕೆಲಸದ ಸ್ಥಳದಲ್ಲಿ ಮಾಲೀಕನೇ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಾಯಿದೆ ಹೇಳಿತು. ನಿರ್ಮಾಣವೆಚ್ಚದ ನೂರಕ್ಕೆ ಒಂದರ ಉಪಕರದ ನಿಧಿಯೂ ಬೆಳೆಯಿತು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಶೆಡ್ಡುಗಳನ್ನು, ಅಲ್ಲಿರುವವರು ಹೊರದೇಶದವರೆಂಬ ಗುಮಾನಿಯ ಮೇಲೆ ಕೆಡವಿದಾಗ, ಹೊರಗೆ ನಿಂತವರಲ್ಲಿ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಗುರುತಿನ ಚೀಟಿ ಹಿಡಿದು ತಮ್ಮ ಊರಿನ ಹೆಸರನ್ನು ಕನ್ನಡದಲ್ಲೇ ಹೇಳಿದರು. ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು; ಸರ್ಕಾರ ಅಲ್ಲಿ ಉತ್ತರ ಹೇಳಬೇಕಾಯಿತು.

ಜೀವನೋಪಾಯ ಯೋಜನೆಯ ಅವಧಿ 2024ರ ಸೆಪ್ಟೆಂಬರಿಗೆ ಮುಗಿಯಿತು. ಮರುವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳಾದವು. ಶಿವಾಜಿನಗರ ಕೇಂದ್ರಕ್ಕೆ ಸೇರಿತು, ಕೃಷ್ಣರಾಜಪುರ ಪೂರ್ವಕ್ಕೆ. ದಂಡಿನ ಪ್ರದೇಶಕ್ಕೂ ಅದರ ಪೂರ್ವದ ಹಳ್ಳಿಗಳಿಗೂ ಮತ್ತೆ ಬೇರೆ ಬೇರೆ ಖಜಾನೆ ಬಂದಂತಾಯಿತು. ಆಶ್ರಯಗೃಹಗಳ ಹಾಸಿಗೆ, ದೀಪ, ಕಾವಲುಗಾರನ ಸಂಬಳ ಇನ್ನು ಯಾರ ಲೆಕ್ಕದಲ್ಲಿ ಬೀಳುತ್ತದೆ ಎಂಬುದನ್ನು, ಈ ಪಾಲಿಕೆಗಳ ಆಯವ್ಯಯ ಪತ್ರಗಳು ಕೈಗೆ ಬಂದಾಗ ತೆರಿಗೆ ಕಟ್ಟುವ ವಾಚಕರು ಪುಟ ತಿರುವಿ ನೋಡಬೇಕು.