ಟೋಪಿ ಪಿನ್ನಿಗೆ ಎಷ್ಟು ಇಂಚು?

1/6
ಮೊದಲನೇ ಫೋಟೋದಲ್ಲಿರೋದು ನಮ್ಮಮ್ಮನ ಕೈ. ಬಳೆಗೆ ಸಿಕ್ಕಿಸಿರೋ ಪಿನ್ನು ಎಣಿಸಿ, ನಾಲ್ಕಿದೆ. ತಾಳಿ ಸರದಲ್ಲಿ ಇನ್ನೆರಡಿದೆ, ಅದು ಫೋಟೋದಲ್ಲಿ ಬಿದ್ದಿಲ್ಲ. ಸೆರಗು ಜಾರಿದ್ರೆ ಒಂದು, ಬ್ಯಾಗಿನ ಜಿಪ್ ಕೈಕೊಟ್ರೆ ಒಂದು, ಚಪ್ಪಲಿ ಬಾರು ಕಿತ್ತೋದ್ರೆ ಒಂದು. ಪಿನ್ನಿನ ಕೆಲಸ ಇಷ್ಟೇ ಅಂದ್ಕೊಂಡಿದ್ದೆ. ಇನ್ನೊಂದು ಕೆಲಸ ಇದೆ ಅಂತ ಗೊತ್ತಾಗಿದ್ದು ಫಸ್ಟ್ ಇಯರಲ್ಲಿ, ಬಸ್ಸಲ್ಲಿ.

ಹುಡುಗೀರಿಗೆ ಬಿಡಿಸಿ ಹೇಳಬೇಕಿಲ್ಲ. ಹುಡುಗರಿಗೆ ಹೇಳ್ತೀನಿ. ಬೆಳಗ್ಗೆ ಎಂಟೂವರೆ ಬಸ್ಸು, ಕಾಲಿಡೋಕೆ ಜಾಗ ಇಲ್ಲ, ನನ್ನ ಹಿಂದೆ ಅಪ್ಪನ ವಯಸ್ಸಿನ ಒಬ್ಬರು. ಬ್ರೇಕ್ ಹಾಕಿದಾಗ ಮೈಮೇಲೆ ಬಿದ್ರು, ಸರಿ, ಬಸ್ಸಲ್ವಾ. ಬ್ರೇಕ್ ಹಾಕದೇ ಇದ್ದಾಗಲೂ ಬಿದ್ರು. ಆಮೇಲೆ ಕೈ. ನನ್ನ ವೇಲಲ್ಲಿ ಪಿನ್ನಿತ್ತು. ಅದನ್ನ ಬೆರಳಲ್ಲಿ ಹಿಡ್ಕೊಂಡು ನಿಂತಿದ್ದೆ, ಆದ್ರೆ ತೆಗೀಲಿಲ್ಲ. ಎರಡು ಸ್ಟಾಪ್ ಮುಂಚೇನೇ ಇಳಿದು ನಡ್ಕೊಂಡು ಹೋದೆ. ಫಸ್ಟ್ ಪೀರಿಯಡ್ ಅಟೆಂಡೆನ್ಸೂ ಹೋಯ್ತು.

ಅದಾದ ಮೇಲೆ ಪಿನ್ನಿನ ಬಗ್ಗೆ ಓದೋ ಹುಚ್ಚು ಹಿಡೀತು. ಈ ವಾರದ ಸರಣಿ ಅದೇ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ಓದಿ.

2/6
1903ರ ಮೇ 28, ನ್ಯೂಯಾರ್ಕ್. ಲಿಯೋಟಿ ಬ್ಲೇಕರ್ ಅಂತ ಒಬ್ಬ ಹುಡುಗಿ, ಕಾನ್ಸಾಸ್ ಕಡೆಯವಳು, ಊರು ನೋಡೋಕೆ ಬಂದಿದ್ಳು. ಕಾನ್ಸಾಸ್ ಅಂದ್ರೆ ಹೊಲ ಗದ್ದೆಯ ರಾಜ್ಯ. ನಮ್ಮಲ್ಲಿ ಹಳ್ಳಿಯಿಂದ ಮೊದಲ ಸಲ ಮೆಜೆಸ್ಟಿಕ್ಕಿಗೆ ಬಂದಿಳಿದ ಹಾಗೆ ಅಂತಿಟ್ಕೊಳ್ಳಿ. ಫಿಫ್ತ್ ಅವೆನ್ಯೂದಲ್ಲಿ ಆಗ ಓಡ್ತಿದ್ದಿದ್ದು ಕುದುರೆ ಎಳೆಯೋ ಬಸ್ಸು. 23ನೇ ಬೀದಿಯಲ್ಲಿ ಹತ್ತಿದ್ಳು. ಒಳಗೆ ರಶ್ಶು. ಪಕ್ಕದಲ್ಲಿ ಒಳ್ಳೆ ಬಟ್ಟೆ ಹಾಕಿದ್ದ, ನೋಡೋಕೆ ದೊಡ್ಡ ಮನುಷ್ಯನ ಹಾಗಿದ್ದ ವಯಸ್ಸಾದವನೊಬ್ಬ. ಗಾಡಿ ಕುಲುಕಿದಾಗಲೆಲ್ಲ ಹತ್ತಿರ ಹತ್ತಿರ ಬಂದ. ಇವಳು ಸುಮ್ಮನಿದ್ಳು. ಕೊನೆಗೆ ಅವನ ಕೈ ಇವಳ ಬೆನ್ನ ಹಿಂದೆ ಬಂತು.

ಲಿಯೋಟಿ ಟೋಪಿಯಿಂದ ಪಿನ್ನು ಎಳೆದ್ಳು. ನಮ್ಮಮ್ಮನ ಬಳೆಯ ಪಿನ್ನಲ್ಲ ಅದು, ಹತ್ತಿರ ಹತ್ತಿರ ಒಂದಡಿ ಉದ್ದದ್ದು. ಅವನ ತೋಳಿಗೆ ಚುಚ್ಚಿದ್ಳು. ಅವನು ಕಿರುಚಿಕೊಂಡು ಮುಂದಿನ ಸ್ಟಾಪಲ್ಲಿ ಇಳಿದು ಹೋದ. ಆಮೇಲೆ ಅವಳು ಪತ್ರಿಕೆಯವರಿಗೆ ಎಲ್ಲಾನೂ ಹೇಳಿದ್ಳು, ಹೆಸರು ಹಾಕಿಸಿಕೊಂಡೇ.

ನನಗೆ ಪಿನ್ನು ಚುಚ್ಚಿದ್ದಕ್ಕಿಂತ ಈ ಕೊನೇ ಸಾಲು ದೊಡ್ಡದು ಅನ್ಸುತ್ತೆ. ಹೆಸರು ಹಾಕಿಸಿಕೊಂಡ್ಳು. ನಾನು ಮನೇಲಿ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ. (ಅಪ್ಪ ಈ ಆಪ್‌ನಲ್ಲಿಲ್ಲ, ಅದಕ್ಕೇ ಇಲ್ಲಿ ಧೈರ್ಯ.)

3/6
ಅಷ್ಟುದ್ದದ ಪಿನ್ನು ಟೋಪಿಯಲ್ಲಿ ಏನ್ಮಾಡ್ತಿತ್ತು? ಎರಡನೇ ಫೋಟೋ ನೋಡಿ. ಆ ಕಾಲದ ಫ್ಯಾಷನ್ ಹೀಗೆ: ಕೂದಲಿನ ಒಳಗೆ ಉಬ್ಬು ಬರೋ ಹಾಗೆ ಏನಾದ್ರೂ ಇಟ್ಟು ಎತ್ತರಕ್ಕೆ ಕಟ್ಟೋದು, ಅದರ ಮೇಲೆ ಟೋಪಿ ಕೂರಿಸೋದು. ಹಿಂದಿನ ಕಾಲದ ಬಾನೆಟ್ ಟೋಪಿಗೆ ಗಲ್ಲದ ಕೆಳಗೆ ಕಟ್ಟೋ ದಾರ ಇರ್ತಿತ್ತು. ಇದಕ್ಕೆ ದಾರ ಇಲ್ಲ. ಹಾಗಾಗಿ ಟೋಪಿಯ ಒಂದು ಕಡೆಯಿಂದ ಪಿನ್ನು ತೂರಿಸಿ, ಕೂದಲಿನ ಗಂಟಿನ ಮಧ್ಯೆ ಹಾಯಿಸಿ, ಇನ್ನೊಂದು ಕಡೆ ಹೊರಗೆ ತರಬೇಕು. 1908ರ ಹೊತ್ತಿಗೆ ಟೋಪಿಗಳು ಮೊರದಷ್ಟಗಲ ಆಗಿದ್ವು. ಟೋಪಿ ದೊಡ್ಡದಾದಷ್ಟೂ ಪಿನ್ನು ಉದ್ದ ಆಯ್ತು. ಯಾರೂ ಆಯುಧ ಮಾಡಬೇಕು ಅಂತ ಕೂತು ಮಾಡಿದ್ದಲ್ಲ.

ಇದೇ ಸಮಯಕ್ಕೆ ಇನ್ನೊಂದು ಆಗ್ತಿತ್ತು. ಅಮೆರಿಕದಲ್ಲಿ 1900ರ ಜನಗಣತಿ ಪ್ರಕಾರ 50 ಲಕ್ಷಕ್ಕೂ ಹೆಚ್ಚು ಹೆಂಗಸರು ದುಡಿಮೆಗೆ ಹೋಗ್ತಿದ್ರು. ಅಂಗಡಿ, ಆಫೀಸು, ಟೆಲಿಫೋನ್ ಎಕ್ಸ್‌ಚೇಂಜು, ಗಾರ್ಮೆಂಟ್ಸ್. ಅಮ್ಮನೋ ಅಣ್ಣನೋ ಜೊತೆಗಿಲ್ಲದೆ, ಒಬ್ಬೊಬ್ಬರೇ ಟ್ರಾಮ್ ಹತ್ತಿ. ಅವರಿಗೆ ಬೀದೀಲಿ ಕಾಟ ಕೊಡೋರಿಗೆ ಇಂಗ್ಲಿಷಲ್ಲಿ ಒಂದು ಹೆಸರೇ ಹುಟ್ಕೊಂಡಿತ್ತು: ಮಾಷರ್. ನಮ್ಮ ಭಾಷೆಯಲ್ಲಿ ಪೋಲಿ ಅನ್ನಿ. ಹೆಸರು ಸ್ವಲ್ಪ ಮುದ್ದಾಗಿದೆ, ಅದೇ ಸಿಟ್ಟು ಬರೋದು. ನಮ್ಮಲ್ಲೂ ‘ಚುಡಾಯಿಸೋದು’ ಅಂತಾರಲ್ಲ, ಆಟ ಇದ್ದ ಹಾಗೆ.

ಬಚ್ಚಿಟ್ಟ ಆಯುಧಕ್ಕೆ ಅಮೆರಿಕದಲ್ಲಿ ಕಾನೂನು ಹಳೇದು. ಅವರು ‘ಕನ್ಸೀಲ್ಡ್ ಕ್ಯಾರಿ’ ಅಂತಾರೆ. ಕೆಂಟಕಿ, ಲೂಸಿಯಾನಾ ರಾಜ್ಯಗಳು 1813ರಲ್ಲೇ ಇದರ ಮೇಲೆ ನಿಷೇಧ ತಂದಿದ್ವು. ಕೆಂಟಕಿ ಪಟ್ಟಿಯಲ್ಲಿ ಜೇಬಿನ ಪಿಸ್ತೂಲು, ಚೂರಿ, ವಾಕಿಂಗ್ ಸ್ಟಿಕ್ಕಿನೊಳಗಿನ ಕತ್ತಿ ಎಲ್ಲಾ ಇದೆ. ಗಮನಿಸಿ, ಎಲ್ಲವೂ ಗಂಡಸರ ಸಾಮಾನು. ಜೇಬು, ಕೋಟು, ಬೂಟು, ಕೋಲು. ಹೆಂಗಸರ ಬಟ್ಟೆಗೆ ಸರಿಯಾದ ಜೇಬೇ ಇರ್ಲಿಲ್ಲ. (ಇವತ್ತಿಗೂ ನಮ್ಮ ಕುರ್ತಾಗೆ ಇಲ್ಲ. ಇದ್ರೂ ಎರಡು ಬೆರಳು ಹೋಗೋ ಅಷ್ಟು.) ನಮ್ಮಜ್ಜಿಗೆ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇತ್ತು, ದುಡ್ಡು, ಕೀ, ಎಲ್ಲಾ ಅದರಲ್ಲೇ. ಆ ಲೆಕ್ಕದಲ್ಲಿ ಅಜ್ಜಿ ನಮಗಿಂತ ಮುಂದಿದ್ರು.

ಟೋಪಿ ಪಿನ್ನಿನ ವಿಶೇಷ ಏನಂದ್ರೆ, ಅದನ್ನ ಬಚ್ಚಿಟ್ಟೇ ಇರ್ಲಿಲ್ಲ. ತಲೆಮೇಲೆ ಮುತ್ತು, ಬಣ್ಣದ ಗಾಜಿನ ಗುಬುಟು ಹೊತ್ತು ಮಿಂಚ್ತಾ ಕೂತಿತ್ತು. ಯಾರಿಗೂ ಅದು ಆಯುಧ ಅಂತ ಕಂಡಿರ್ಲಿಲ್ಲ, ಅಷ್ಟೇ.

4/6
ಕಾಣೋಕೆ ಶುರುವಾದ ಮೇಲೆ ಗಲಾಟೆ.

ಪೇಪರುಗಳು ಮೊದಮೊದಲು ಪಿನ್ನು ಹಿಡಿದ ಹುಡುಗೀರನ್ನ ಹೊಗಳಿದ್ವು. ಕೆಲವೇ ವರ್ಷದಲ್ಲಿ ಉಲ್ಟಾ ಹೊಡೆದು ‘ಪಿನ್ನಿನ ಅಪಾಯ’ ಅಂತ ಬರೆಯೋಕೆ ಶುರು ಮಾಡಿದ್ವು. ಇಲ್ಲಿ ನಾನು ನ್ಯಾಯವಾಗಿ ಹೇಳಬೇಕು, ಅಪಾಯ ಸುಳ್ಳೇನಲ್ಲ. ರಶ್ಶಿರೋ ಟ್ರಾಮಲ್ಲಿ ಅಷ್ಟುದ್ದದ ಚೂಪು ತುದಿ ಟೋಪಿಯಿಂದ ಹೊರಗೆ ಬಂದಿದ್ರೆ ಪಕ್ಕದವರ ಕೆನ್ನೆ, ಕಿವಿ, ಕಣ್ಣು ಏನಾಗಬೇಕು? ಏನೂ ತಪ್ಪು ಮಾಡದವರಿಗೂ ಗಾಯ ಆಗಿದೆ. ತುದಿಗೆ ಹಾಕೋ ಸಣ್ಣ ಮುಚ್ಚಳಗಳೂ ಅಂಗಡಿಗೆ ಬಂದ್ವು. ಪಿನ್ನಿಗೆ ಒಂದು ಕ್ಯಾಪು! ಒಂದು ವಸ್ತು ಮಾರಿ, ಅದರಿಂದ ಆಗೋ ತೊಂದರೆಗೆ ಇನ್ನೊಂದು ವಸ್ತು ಮಾರೋದು. ಮಾರ್ಕೆಟಿಂಗ್ ಪೇಪರಿಗೆ ಉದಾಹರಣೆ ಬೇಕಿದ್ರೆ ಇಟ್ಕೊಳ್ಳಿ.

1910ರ ಮಾರ್ಚ್. ಶಿಕಾಗೊ ನಗರಸಭೆಯ ಮುಂದೆ ಒಂದು ಪ್ರಸ್ತಾಪ ಬಂತು: 9 ಇಂಚಿಗಿಂತ ಉದ್ದದ ಟೋಪಿ ಪಿನ್ನು ಬೇಡ, ಹಾಕಿದ್ರೆ 50 ಡಾಲರ್ ದಂಡ. ಚರ್ಚೆ ಕೇಳೋಕೆ ಜನ ತುಂಬಿದ್ರು. ಪರವಾಗಿ ಮಾತಾಡಿದವನೊಬ್ಬ ಹೆಂಗಸರು ತಲೆಮೇಲೆ ಗಜ್ಜರಿ ಬೇಕಾದ್ರೂ ಹುಂಜ ಬೇಕಾದ್ರೂ ಇಟ್ಕೊಳ್ಳಲಿ, ಕತ್ತಿ ಮಾತ್ರ ಬೇಡ ಅಂದ. ಚಪ್ಪಾಳೆ ಬಿತ್ತು. ಆಗ ನ್ಯಾನ್ ಡೇವಿಸ್ ಅನ್ನೋರು ಎದ್ದರು, ಮಹಿಳಾ ಸಂಘಗಳ ಪರವಾಗಿ ಬಂದಿದ್ದೋರು. ಅವರ ಮಾತಿನ ಸಾರ ಇಷ್ಟು: ನಮ್ಮ ಪಿನ್ನು ತೆಗೀಬೇಕಾ, ಮೊದಲು ಬೀದಿ ಸರಿ ಮಾಡಿ. ಮತ್ತೆ, ನಾನು ಏನು ಹಾಕ್ಕೋಬೇಕು ಅಂತ ಹೇಳೋಕೆ ಯಾವ ಗಂಡಸಿಗೂ ಹಕ್ಕಿಲ್ಲ.

ವೋಟಿಗೆ ಹಾಕಿದ್ರು. 68–2. ಕಾನೂನು ಪಾಸು.

ಈ ಅಂಕಿ ನೋಡಿ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಯಾಕಂದ್ರೆ ಇಲಿನಾಯ್ ರಾಜ್ಯದಲ್ಲಿ ಹೆಂಗಸರಿಗೆ ನಗರಸಭೆ ಚುನಾವಣೆಯಲ್ಲಿ ಮತ ಹಾಕೋ ಹಕ್ಕು ಸಿಕ್ಕಿದ್ದು 1913ರಲ್ಲಿ. ದೇಶಕ್ಕೆಲ್ಲ 1920ರಲ್ಲಿ. ಅಂದ್ರೆ ಅವತ್ತು ಕೈಯೆತ್ತಿದ ಆ 68 ಜನರನ್ನ ಆರಿಸಿದವರಲ್ಲಿ ಒಬ್ಬ ಹೆಂಗಸೂ ಇಲ್ಲ. ಬಸ್ಸಲ್ಲಿ ಕೈ ಹಾಕೋರಿಗೆ ಎಷ್ಟು ದಂಡ ಅಂತ ಅವತ್ತು ಸಭೆ ಕರೆದಿರ್ಲಿಲ್ಲ. ಪಿನ್ನಿನ ಇಂಚು ಅಳೆಯೋಕೆ ಕರೆದಿದ್ರು.

ಮಿಲ್ವಾಕಿ, ಪಿಟ್ಸ್‌ಬರ್ಗ್, ಬಾಲ್ಟಿಮೋರ್, ನ್ಯೂ ಆರ್ಲಿಯನ್ಸ್ ಕೂಡ ಇಂಥದ್ದೇ ಕಾನೂನು ಮಾಡಿದ್ವು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 60 ಹೆಂಗಸರು ದಂಡ ಕಟ್ಟಲ್ಲ ಅಂತ ಜೈಲಿಗೇ ಹೋದ್ರು. ಅದೂ ಟೋಪಿ ಪಿನ್ನಿಗೋಸ್ಕರ!

ಆಮೇಲೆ ಪಿನ್ನನ್ನ ಮುಗಿಸಿದ್ದು ಕಾನೂನಲ್ಲ, ಕತ್ತರಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಹುಡುಗೀರು ಕೂದಲು ಗಿಡ್ಡ ಮಾಡಿಸ್ಕೊಂಡ್ರು, ತಲೆಗೆ ಅಂಟಿಕೊಂಡಂತೆ ಕೂರೋ ಕ್ಲೋಷ್ ಟೋಪಿ ಬಂತು, ಪಿನ್ನು ಬೇಕಾಗ್ಲಿಲ್ಲ. ಕಾಟ ಮಾತ್ರ ಹೋಗ್ಲಿಲ್ಲ. 1923ರಲ್ಲಿ ವಾಷಿಂಗ್ಟನ್‌ನಲ್ಲಿ ಹುಡುಗೀರೇ ಸೇರಿ ‘ಆಂಟಿ ಫ್ಲರ್ಟ್ ಕ್ಲಬ್’ ಅಂತ ಮಾಡಿದ್ರು, ಕಾರಲ್ಲಿ ಬಂದು ಕಾಡಿಸೋರ ವಿರುದ್ಧ. ಕ್ಲಬ್ಬಿನ ನಿಯಮಗಳನ್ನ ಓದಿದ್ರೆ ಎಲ್ಲವೂ ಹುಡುಗೀರಿಗೇ. ಗುರುತಿಲ್ಲದೋರನ್ನ ನೋಡಿ ನಗಬೇಡ, ಕಣ್ಣು ಹೊಡೀಬೇಡ, ಕಾರು ಹತ್ತಬೇಡ. ಹಾಸ್ಟೆಲ್ ನೋಟಿಸ್ ಬೋರ್ಡ್ ನೆನಪಾಯ್ತಾ?

5/6
ಈಗ ನಮ್ಮ ಪಿನ್ನು. ಇದು ಟೋಪಿ ಪಿನ್ನಿನ ಪೀಳಿಗೆಯದ್ದಲ್ಲ. ವಾಲ್ಟರ್ ಹಂಟ್ ಅನ್ನೋ ಅಮೆರಿಕದ ಮೆಕ್ಯಾನಿಕ್ 1849ರ ಏಪ್ರಿಲ್ 10ಕ್ಕೆ ಪೇಟೆಂಟ್ ತಗೊಂಡಿದ್ದು. ಒಂದೇ ತಂತಿ, ಒಂದು ಕಡೆ ಸುತ್ತಿ ಸ್ಪ್ರಿಂಗು, ಇನ್ನೊಂದು ಕಡೆ ತುದಿ ಮುಚ್ಚೋ ಕೊಕ್ಕೆ. ಸಾಲ ತೀರಿಸೋ ಅವಸರದಲ್ಲಿ ಹಕ್ಕನ್ನ 400 ಡಾಲರ್‌ಗೆ ಮಾರಿಬಿಟ್ಟ. ಇದೇ ಮನುಷ್ಯ ಹೊಲಿಗೆ ಯಂತ್ರಾನೂ ಮಾಡಿ ಅದಕ್ಕೆ ಆಗ ಪೇಟೆಂಟೇ ತಗೊಂಡಿರ್ಲಿಲ್ಲ. ನಮ್ಮ ಬಿಸಿನೆಸ್ ಲಾ ಮೇಡಂ ಕೇಳಿದ್ರೆ ಅತ್ತೇಬಿಡ್ತಾರೆ.

ಅವನು ಪಿನ್ನಿಗೆ ‘ಸೇಫ್ಟಿ’ ತಂದಿದ್ದು ಹಾಕ್ಕೊಂಡವರ ಬೆರಳಿಗೆ ಚುಚ್ಚದೇ ಇರಲಿ ಅಂತ. ಬಸ್ಸಲ್ಲಿ ನಾವು ಆ ಪದಕ್ಕೆ ಬೇರೆ ಅರ್ಥ ಕೊಟ್ಕೊಂಡಿದೀವಿ.

ಕಾನೂನು ಏನನ್ನುತ್ತೆ ಅಂತ ಕೇಳ್ತೀರ, ನಾನೂ ಹುಡುಕಿದೆ. 2016ರವರೆಗೆ ಜಾರಿಯಲ್ಲಿದ್ದ ನಮ್ಮ 1962ರ ಆರ್ಮ್ಸ್ ರೂಲ್ಸ್ ಪಟ್ಟಿಯಲ್ಲಿ ಕತ್ತಿ, ಕೋಲಿನೊಳಗಿನ ಕತ್ತಿ, ಚೂರಿ ಇವೆಲ್ಲ ಬರೋ ಕಡೆ ಒಂದು ಅಳತೆ ಇತ್ತು: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ಅದೇ 9! ಮನೆಕೆಲಸ, ಹೊಲದ ಕೆಲಸಕ್ಕೆ ಅಂತ ಮಾಡಿದ ಸಾಮಾನಿಗೆ ವಿನಾಯಿತಿ. ಹಾಗಾಗಿ ವೇಲಿನ ಪಿನ್ನು ಹಾಕ್ಕೊಂಡಿದ್ದಕ್ಕೆ ಯಾರೂ ನಿಮ್ಮನ್ನ ಹಿಡಿಯಲ್ಲ. ಆತ್ಮರಕ್ಷಣೆಯ ಹಕ್ಕು ಹಳೇ ಐಪಿಸಿಯ 96ರಿಂದ 106ರ ಸೆಕ್ಷನ್‌ಗಳಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರಲ್ಲಿದೆ. ತಪ್ಪಿಸಿಕೊಳ್ಳೋಕೆ ಎಷ್ಟು ಬೇಕೋ ಅಷ್ಟು, ಸೇಡಿಗಲ್ಲ. ಬಸ್ಸಲ್ಲಿ ಕೈ ಹಾಕೋದು ಅಪರಾಧ, ಅದು 74, 75. ಸೆಕ್ಷನ್ ನಂಬರ್ ನನಗೆ ಬಾಯಿಪಾಠ ಆಗಿದೆ. ಆದ್ರೆ ಅವತ್ತು ಗೊತ್ತಿದ್ದಿದ್ರೂ ಪಿನ್ನು ತೆಗೀತಿದ್ದೆ ಅಂತ ಎದೆ ಮುಟ್ಕೊಂಡು ಹೇಳೋಕಾಗಲ್ಲ. ಕೈ ಓಡಲ್ಲ ಕಣ್ರೇ. ಗಂಟಲೂ ಕಟ್ಟುತ್ತೆ. ‘ಯಾಕೆ ಕಿರುಚಲಿಲ್ಲ’ ಅಂತ ಕೇಳೋರು ಒಂದ್ಸಲ ಆ ಎಂಟೂವರೆ ಬಸ್ಸು ಹತ್ತಿ ನೋಡಲಿ.

6/6
ಅಮ್ಮನಿಗೆ ಮಾತ್ರ ಹೇಳಿದ್ದೆ, ಅದೇ ದಿನ ರಾತ್ರಿ, ಅವಳು ರೊಟ್ಟಿ ತಟ್ಟುವಾಗ. ತಿರುಗಿ ನೋಡಲಿಲ್ಲ. ‘ಡ್ರೈವರ್ ಹತ್ರ ಮುಂದೆ ನಿಂತ್ಕೋ’ ಅಂದ್ಳು, ಅಷ್ಟೇ. ನನಗೆ ತುಂಬಾ ಬೇಜಾರಾಯ್ತು, ಊಟಾನೂ ಸರಿಯಾಗಿ ಮಾಡ್ಲಿಲ್ಲ.

ಬೆಳಗ್ಗೆ ಬ್ಯಾಗ್ ಎತ್ಕೊಂಡ್ರೆ ಅದರ ಪಟ್ಟಿಯಲ್ಲಿ, ಬಲಗೈ ಹೆಬ್ಬೆರಳು ಸರಿಯಾಗಿ ಹೋಗೋ ಜಾಗದಲ್ಲಿ, ಒಂದು ದೊಡ್ಡ ಪಿನ್ನು. ಬಳೆಯಲ್ಲಿ ಒಂದು ಕಮ್ಮಿ ಇತ್ತು. ಆ ಜಾಗ ಅಷ್ಟು ಸರಿಯಾಗಿ ಅವಳಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೊನೇ ಫೋಟೋ ಅದೇ ಪಿನ್ನು, ಪಕ್ಕದಲ್ಲಿ ಸ್ಕೇಲ್ ಇಟ್ಟಿದೀನಿ. ಎರಡು ಇಂಚೂ ಇಲ್ಲ.

ನಿಮ್ಮ ಅಮ್ಮನ್ನ, ಅಜ್ಜೀನ, ಅತ್ತೇನ ಒಂದ್ಸಲ ಕೇಳಿ ನೋಡಿ, ಅವರು ಏನು ಇಟ್ಕೊಂಡು ಓಡಾಡ್ತಿದ್ರು ಅಂತ. ಕಾಮೆಂಟಲ್ಲಿ ಹಾಕೋಕೆ ಇಷ್ಟ ಇಲ್ಲದಿದ್ರೆ ಮೆಸೇಜ್ ಮಾಡಿ, ಹೆಸರು ಹಾಕಲ್ಲ. ಇಂಟರ್ನಲ್ಸ್ ಇರೋದ್ರಿಂದ ಮುಂದಿನ ವಾರ ಪೋಸ್ಟ್ ಇಲ್ಲ.