ಬುಧವಾರದ ಆವೃತ್ತಿ, ಗುರುವಾರದ ಆವೃತ್ತಿ: ಕನ್ನಡ ವಿಕಿ ಮತ್ತು ಮೀಡಿಯಾವಿಕಿಯ ಪ್ರಯೋಗದ ಚರಿತ್ರೆ

ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಾನು ಕೊಯಮತ್ತೂರಿನ ಉಕ್ಕಡಂನಿಂದ ಮಾತಾಡ್ತಿದ್ದೇನೆ. ನಡುವೆ ಪಾಲಕ್ಕಾಡ್ ಬಸ್ಸಿನ ಹಾರ್ನ್ ಬಂದರೆ ದಯವಿಟ್ಟು ಸಹಿಸಿಕೊಳ್ಳಿ.

ಸಾಹಿತ್ಯದ ವಿದ್ಯಾರ್ಥಿ ತಂತ್ರಾಂಶದ ಚರಿತ್ರೆ ಯಾಕೆ ಹೇಳಬೇಕು ಅಂತ ಕಳೆದ ವಾರ ಒಬ್ಬ ಗೆಳೆಯ ಕೇಳಿದ. ಕಾರಣ ಮನೆಯದು. ನಮ್ಮದು ದೇವಾಂಗ ಕುಟುಂಬ. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು. ಅಪ್ಪ ಕನ್ನಡದಲ್ಲಿ ಚೀಟಿ ಬರೆದರೆ ಅದು ತಮಿಳು ಲಿಪಿಯಲ್ಲಿ ಇರುತ್ತದೆ. ಆ ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ, ಹಾಗಾಗಿ 'ಕಾಳಿ'ಯೋ 'ಗಾಳಿ'ಯೋ ಸಂದರ್ಭ ನೋಡಿ ತಿಳಿಯಬೇಕು. ನನಗೆ ಕನ್ನಡ ಲಿಪಿ ಕೈಗೆ ಬಂದದ್ದು ಸ್ಲೇಟಿನ ಮೇಲಲ್ಲ, ಕನ್ನಡ ವಿಕಿಪೀಡಿಯದ ತಿದ್ದುವ ಪೆಟ್ಟಿಗೆಯಲ್ಲಿ. ಇಂಗ್ಲಿಷ್ ಕೀಲಿಯಲ್ಲಿ 'ಕೆ' ಒತ್ತಿ 'ಎ' ಒತ್ತಿದರೆ ಅಲ್ಲಿ 'ಕ' ಮೂಡುತ್ತಿತ್ತು. ಆ ಪೆಟ್ಟಿಗೆಯನ್ನು ಯಾರು ಮಾಡಿದರು, ಯಾವ ಸ್ಥಿತಿಯಲ್ಲಿ ನಮ್ಮ ಕೈಗೆ ಕೊಟ್ಟರು ಅನ್ನೋದೇ ಇವತ್ತಿನ ವಿಷಯ.

ಮೊದಲು ಸ್ವಲ್ಪ ಹಿನ್ನೆಲೆ. ವಿಂಡೋಸ್ 2000ದಲ್ಲಿ ತಮಿಳು ಬಂತು. ಕನ್ನಡ ಬಂದದ್ದು ಅದರ ಮುಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿ, 2001ರಲ್ಲಿ, ತುಂಗಾ ಫಾಂಟಿನ ಜೊತೆ. ಅದಾಗಿ ಎರಡೇ ವರ್ಷಕ್ಕೆ, 2003ರ ಜೂನಿನಲ್ಲಿ, ಕನ್ನಡ ವಿಕಿಪೀಡಿಯ ಶುರುವಾಯಿತು. ಅದು ಓಡುವ ತಂತ್ರಾಂಶಕ್ಕೆ ಮೀಡಿಯಾವಿಕಿ ಅನ್ನುವ ಹೆಸರು ಬಿದ್ದದ್ದೂ ಅದೇ ವರ್ಷ.

ಇಲ್ಲಿ ಒಂದು ಸಂಗತಿ ನನಗೆ ಆಶ್ಚರ್ಯ ಹುಟ್ಟಿಸಿತು. ಕನ್ನಡದ ವಿಕಿ ಮೊದಲಿಂದಲೂ ಯೂನಿಕೋಡಿನಲ್ಲೇ ಇತ್ತು, ಬೇರೆ ದಾರಿಯೇ ಇರಲಿಲ್ಲ. ಇಂಗ್ಲಿಷ್ ವಿಕಿಪೀಡಿಯ ಮಾತ್ರ 2005ರ ತನಕ ಹಳೆಯ ಲ್ಯಾಟಿನ್-1 ಸಂಕೇತದಲ್ಲಿ ಉಳಿದಿತ್ತು. ಅದು ಯೂನಿಕೋಡಿಗೆ ಬಂದದ್ದು ಮೀಡಿಯಾವಿಕಿ 1.5ರಲ್ಲಿ. 1.5 ಅಧಿಕೃತವಾಗಿ ಬಿಡುಗಡೆಯಾದದ್ದು 2005ರ ಅಕ್ಟೋಬರಿನಲ್ಲಿ, ಆದರೆ ವಿಕಿಪೀಡಿಯ ಅದರ ಮೇಲೆ ಓಡತೊಡಗಿದ್ದು ಜೂನಿನಲ್ಲೇ. ಅಂದರೆ ಬಿಡುಗಡೆಗೆ ಮುಂಚಿನ ಪ್ರತಿಯನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಜಗತ್ತಿನ ಓದುಗರ ಮೇಲೆಯೇ ಪರೀಕ್ಷೆ ಮಾಡಿದರು. ಈ ಪದ್ಧತಿ ಅಲ್ಲಿ ನಿಲ್ಲಲಿಲ್ಲ. ಮೀಡಿಯಾವಿಕಿಯ ಮಟ್ಟಿಗೆ 'ಬಿಡುಗಡೆ' ಅನ್ನೋದು ಹೊರಗಿನವರಿಗೆ. ವಿಕಿಪೀಡಿಯದ ಓದುಗರು ಯಾವತ್ತೂ ಅದಕ್ಕಿಂತ ಮುಂದಿನ, ಇನ್ನೂ ಹಸಿಯಾದ ಪ್ರತಿಯಲ್ಲಿ ಓದುತ್ತಿರುತ್ತಾರೆ.

ಮೆನು, ಗುಂಡಿಗಳ ಮೇಲಿನ ಕನ್ನಡ ಪದಗಳು ಬರುವ ಜಾಗಕ್ಕೆ ಮೊದಲಿದ್ದ ಹೆಸರೇ 'ಬೀಟಾವಿಕಿ'. ಫಿನ್‌ಲ್ಯಾಂಡಿನ ನಿಕ್ಲಾಸ್ ಲಾಕ್ಸ್‌ಟ್ರೋಮ್ ಕಟ್ಟಿದ್ದು. ಈಗ ಅದು ಟ್ರಾನ್ಸ್‌ಲೇಟ್‌ವಿಕಿ. ಹೆಸರು ಬದಲಾದರೂ ಕೆಲಸ ಹಾಗೇ ಇದೆ: ಹೊಸ ಸೌಲಭ್ಯದ ವಾಕ್ಯ ಇನ್ನೂ ಯಾರ ಪರದೆಗೂ ಹೋಗದೆ ಇರುವಾಗಲೇ ಅನುವಾದಕರ ಮುಂದೆ ಬರಬಹುದು. ಆ ಗುಂಡಿ ಏನು ಮಾಡುತ್ತದೆ ಅಂತ ನೋಡದೆ ಅದಕ್ಕೆ ಕನ್ನಡ ಪದ ಹುಡುಕಬೇಕು. ಕೆಲವು ಮೆನುಗಳ ಕನ್ನಡ ಯಾಕೆ ಅಷ್ಟು ವಿಚಿತ್ರ ಅಂತ ಕೇಳುವವರಿಗೆ ಅರ್ಧ ಉತ್ತರ ಇದರಲ್ಲಿದೆ.

ಇನ್ನು ಟೈಪಿಂಗಿಗೆ ಬರೋಣ. ನನಗೆ ಈ ಚರಿತ್ರೆಯಲ್ಲಿ ಹೆಚ್ಚು ಪ್ರಿಯವಾದ ಭಾಗ ಇದು. ಮಲಯಾಳಂ ವಿಕಿಪೀಡಿಯದವರು ತಮಗೋಸ್ಕರ ಒಂದು ಸಣ್ಣ ಜಾವಾಸ್ಕ್ರಿಪ್ಟ್ ಇಟ್ಟುಕೊಂಡಿದ್ದರು. ಇಂಗ್ಲಿಷಿನಲ್ಲಿ ಒತ್ತಿದರೆ ಮಲಯಾಳಂ ಬರುವುದು. ಯಾವ ಕಂಪನಿಯ ಯೋಜನೆಯೂ ಅಲ್ಲ, ಬಳಸುವವರೇ ಬರೆದದ್ದು. ಅದು ಬೆಳೆದು 2011ರಲ್ಲಿ ಮೀಡಿಯಾವಿಕಿಗೆ ಸೇರಿಸಬಹುದಾದ ವಿಸ್ತರಣೆಯಾಯಿತು, ಹೆಸರು 'ನಾರಾಯಂ'. ಮಲಯಾಳದಲ್ಲಿ ನಾರಾಯಂ ಅಂದರೆ ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ. ನಮ್ಮ ಹಸ್ತಪ್ರತಿಶಾಸ್ತ್ರದ ಮೇಷ್ಟ್ರು 'ಕಂಟ' ಅಂತ ಹೇಳಿಕೊಡುತ್ತಾರಲ್ಲ, ಅದೇ. ಅದು ಮಲಯಾಳಂನಿಂದ ಆಚೆ ದಾಟಿ ಕನ್ನಡಕ್ಕೂ ಬಂತು. 2013ರಲ್ಲಿ ಅದರ ಜಾಗಕ್ಕೆ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಬಂತು. ಅದನ್ನು ಕಟ್ಟಿದವರಲ್ಲಿ ಮಲಯಾಳಂನ ಸಂತೋಷ್ ತೋಟ್ಟಿಂಗಲ್ ಒಬ್ಬರು. ಅದರ ಒಳಗೆ ಟೈಪಿಂಗ್ ಕೆಲಸ ಮಾಡುವ ಜೆಕ್ವೆರಿ ಐಎಂಇಯನ್ನು ಬೇರೆ ಗ್ರಂಥಾಲಯವಾಗಿ ತೆಗೆದಿಟ್ಟರು, ಯಾರು ಬೇಕಾದರೂ ತಮ್ಮ ತಾಣಕ್ಕೆ ಹಾಕಿಕೊಳ್ಳಲಿ ಅಂತ. ಅದರಲ್ಲಿ ಕನ್ನಡಕ್ಕೆ ಲಿಪ್ಯಂತರಣ ಇದೆ, ಇನ್‌ಸ್ಕ್ರಿಪ್ಟ್ ಇದೆ, ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ನುಡಿ ಕೀಲಿಮಣೆಯೂ ಇದೆ.

ಹೀಗೆ ನಮ್ಮ ಕೈಯ ಕಂಟ ಪಕ್ಕದೂರಿನಿಂದ ಬಂದದ್ದು. ಉಕ್ಕಡಂನಲ್ಲಿ ಬಸ್ ಹತ್ತಿದರೆ ಆ ಭಾಷೆಯ ಸೀಮೆ ಶುರುವಾಗಲು ಬಹಳ ಹೊತ್ತು ಬೇಕಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಅವರ ಕಡೆ ತಂತ್ರಾಂಶ ಬರೆಯುವವನೂ ಅದರಲ್ಲಿ ಲೇಖನ ಬರೆಯುವವನೂ ಎಷ್ಟೋ ಸಲ ಒಬ್ಬನೇ ಆಗಿದ್ದ, ತಪ್ಪು ಕಂಡ ಸಂಜೆಯೇ ತಿದ್ದುತ್ತಿದ್ದ. ನಮಗೆ ಅದು ಸಿದ್ಧ ವಸ್ತುವಾಗಿ ಬಂತು.

ಈಗ ಶೀರ್ಷಿಕೆಯ ಬುಧವಾರ, ಗುರುವಾರ. ವಿಕಿಮೀಡಿಯದಲ್ಲಿ ಹೊಸ ಪ್ರತಿ ವಾರಕ್ಕೊಮ್ಮೆ ಹೊರಡುತ್ತದೆ. ಅವರು ಅದನ್ನು ರೈಲು ಅಂತಲೇ ಕರೆಯುತ್ತಾರೆ. ಮಂಗಳವಾರ ಪರೀಕ್ಷಾ ವಿಕಿಗಳಿಗೆ, ಬುಧವಾರ ವಿಕಿಸೋರ್ಸ್, ವಿಕ್ಷನರಿಯಂಥ ಸೋದರ ಯೋಜನೆಗಳಿಗೆ, ಗುರುವಾರ ಉಳಿದೆಲ್ಲ ವಿಕಿಪೀಡಿಯಗಳಿಗೆ. ಆದ್ದರಿಂದ ಕನ್ನಡ ವಿಕಿಸೋರ್ಸ್‌ನಲ್ಲಿರುವ ಹಳೆಯ ಕಾವ್ಯ, ವಚನಗಳು ಹೊಸ ತಂತ್ರಾಂಶವನ್ನು ಕನ್ನಡ ವಿಕಿಪೀಡಿಯಕ್ಕಿಂತ ಒಂದು ದಿನ ಮೊದಲು ಎದುರಿಸುತ್ತವೆ. ಕೆಟಲಾನ್ ಮತ್ತು ಹೀಬ್ರೂ ವಿಕಿಪೀಡಿಯಗಳಂಥ ಕೆಲವು ಬುಧವಾರದ ಗುಂಪಿನಲ್ಲೇ ಇವೆ. ಅವೂ ಇಂಗ್ಲಿಷಿನ ಎದುರು ಸಣ್ಣ ಭಾಷೆಗಳೇ. ಆದರೆ ಏನಾದರೂ ಮುರಿದರೆ ಅದೇ ದಿನ ಕೂಗಿ ಹೇಳುವವರು ಅಲ್ಲಿದ್ದಾರೆ. ನನ್ನ ಪ್ರಕಾರ ಬಿಡುಗಡೆಗೆ ಮುಂಚಿನ ಪ್ರತಿಯನ್ನು ಒಂದು ಭಾಷೆ 'ಅಳವಡಿಸಿಕೊಂಡಿತು' ಅಂತ ಹೇಳಬೇಕಾದರೆ ಅಳತೆ ಇದೇ: ದೂರು ಹಿಂದಕ್ಕೆ ತಲುಪುತ್ತದೆಯೇ?

ಒಂದು ಉದಾಹರಣೆ ಕೊಡುತ್ತೇನೆ. ರ, ಹಲಂತ, ಯ ಸಾಲಾಗಿ ಬಂದರೆ ಯಂತ್ರ ಅರ್ಕಾವತ್ತು ಹಾಕುತ್ತದೆ. 'ಕಾರ್ಯ'ಕ್ಕೆ ಅದು ಸರಿ. 'ರ‍್ಯಾಂಕ್' ಬರೆಯಲು ಮಾತ್ರ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡಬೇಕು. ಅದು ಹಲಂತದ ಹಿಂದೆಯೋ ಮುಂದೆಯೋ ಅನ್ನುವುದರಲ್ಲಿ ಕಡತದಿಂದ ಕಡತಕ್ಕೆ ವ್ಯತ್ಯಾಸ ಇರುತ್ತದೆ. ನಾನು ಒಂದು ಪಠ್ಯಸಂಗ್ರಹದಲ್ಲಿ (ಯಾವುದು ಅಂತ ಹೇಳುವುದು ಬೇಡ) ಇಂಥದ್ದೇ ಒಂದು ಪದ ಹುಡುಕಿದೆ, ಫಲಿತಾಂಶ ಸೊನ್ನೆ. ಪುಟ ತೆರೆದರೆ ಪದ ಕಣ್ಣೆದುರೇ ಇದೆ! ಎರಡು ದಿನ ನನ್ನ ಓದೇ ತಪ್ಪು ಅಂತ ತಿಳಿದಿದ್ದೆ. ತಮಿಳು ಲಿಪಿಯಲ್ಲಿ ಬೆಳೆದವಳಿಗೆ ಆ ಅನುಮಾನ ಮೊದಲು ತನ್ನ ಮೇಲೆಯೇ ಬರುತ್ತದೆ. ಆಮೇಲೆ ಗೊತ್ತಾಯಿತು, ಜೋಡಕ ಬೇರೆ ಜಾಗದಲ್ಲಿದೆ.

ದೂರು ಕೊಡೋಣ ಅಂತ ಹೊರಟರೆ ಎಲ್ಲಿಗೆ? ಮೀಡಿಯಾವಿಕಿಗೆ ಸಂಬಂಧಿಸಿದ ದೂರುಗಳಿಗೆ 2014ರಿಂದ ಫ್ಯಾಬ್ರಿಕೇಟರ್ ಇದೆ. ತೆರೆದ ಜಾಗ, ಯಾರು ಬೇಕಾದರೂ ಬರೆಯಬಹುದು. ಆದರೆ ಮಾತುಕತೆ ನಡೆಯುವುದು ಇಂಗ್ಲಿಷಿನಲ್ಲಿ. 'ಒತ್ತು ಬೀಳ್ತಾ ಇಲ್ಲ' ಅನ್ನುವುದನ್ನು ಕನ್ನಡ ಲಿಪಿ ಗೊತ್ತಿಲ್ಲದ ಎಂಜಿನಿಯರ್‌ಗೆ ತಿಳಿಸಬೇಕಾದರೆ ಸಂಕೇತಸಂಖ್ಯೆ ಬರೆಯಬೇಕು, ಪರದೆಯ ಚಿತ್ರ ಹಾಕಬೇಕು, ಹೇಗಿರಬೇಕಿತ್ತು ಅಂತ ತೋರಿಸಬೇಕು. ಕನ್ನಡವೊಂದನ್ನೇ ಬಲ್ಲ ಓದುಗ ಪರೀಕ್ಷೆಗೆ ಒಳಗಾಗುತ್ತಾನೆ, ಆದರೆ ಪರೀಕ್ಷಕನಾಗುವುದಿಲ್ಲ.

ಹಳೆಯ ಲಿಪಿಕಾರರು ಓಲೆಯ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿ ಓದಿ ಅಂತ ಕೇಳಿಕೊಳ್ಳುತ್ತಿದ್ದರಲ್ಲ, ಇದೂ ಅದೇ ಅಲ್ಲವೇ ಅಂತ ಚರ್ಚೆಯಲ್ಲಿ ಪ್ರಶ್ನೆ ಬಂತು. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ದಾರಿಗೆ ನಿಲ್ಲುತ್ತದೆ. ಓಲೆಯಲ್ಲಿ ತಿದ್ದಿದವನ ತಿದ್ದುಪಡಿ ಆ ಒಂದು ಪ್ರತಿಯಲ್ಲಿ ಉಳಿಯುತ್ತದೆ, ಮಠದ ಇನ್ನೊಂದು ಪ್ರತಿ ಹಾಗೇ ಇರುತ್ತದೆ. ಪಾಠಾಂತರ ಹುಟ್ಟುವುದೇ ಹಾಗೆ. ಗುರುವಾರದ ರೈಲು ಎಲ್ಲ ಪ್ರತಿಗಳನ್ನೂ ಒಟ್ಟಿಗೆ ಬದಲಾಯಿಸುತ್ತದೆ, ನಿನ್ನೆಯ ಪರದೆಗೆ ಹೋಲಿಸಿ ನೋಡಲು ನನ್ನ ಬಳಿ ಏನೂ ಇರುವುದಿಲ್ಲ. ಅದಕ್ಕೇ ನಾನು ಈಗ ಕೆಟ್ಟ ಪುಟ ಕಂಡ ಕೂಡಲೇ ಚಿತ್ರ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ತೀನಿ. ಆ ಪದದ ದೂರನ್ನೂ ಬರೆದು ಕಳಿಸಿದ್ದೇನೆ, ನನ್ನ ಇಂಗ್ಲಿಷಿನಲ್ಲಿ, ಎರಡು ಚಿತ್ರ ಅಂಟಿಸಿ. ಉತ್ತರ ಬಂದಿಲ್ಲ. ಮುಂದಿನ ತರಗತಿಯ ಹೊತ್ತಿಗೆ ಬಂದರೆ ಹಂಚಿಕೊಳ್ಳುತ್ತೇನೆ.